ಎಂಜಿನ್ ಕೆಳಗಿಳಿದ ಮೇಲೆ

ನನ್ನ ಕಾರಿನ ಎಂಜಿನ್ ಹೊರಗೆ ತೆಗೆಸಿದ್ದು ರಿಪೇರಿಗೆ ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ. ತಿಳಿದುಕೊಳ್ಳಲಿ. ನಾನು ತೆಗೆಸಿದ್ದು ಒಬ್ಬ ಮನುಷ್ಯ ಆಡಿದ ಮಾತನ್ನು ಅವನಿಂದಲೇ ನುಂಗಿಸಲು. ಆ ಮನುಷ್ಯ ನನ್ನ ಭಾವ, ಅಂದರೆ ಗಂಡನ ಅಣ್ಣ. ಔರಾದದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾನೆ. ಎದುರಿಗೆ ‘ಭಾವಾರ’ ಎನ್ನುತ್ತೇನೆ, ಬಹುವಚನ ಕೊಡುತ್ತೇನೆ, ಸೆರಗು ಸರಿಮಾಡಿಕೊಳ್ಳುತ್ತೇನೆ. ಇಲ್ಲಿ ಬರೆಯುವಾಗ ಆ ಮರ್ಯಾದೆ ಕೊಡುವ ಮನಸ್ಸಿಲ್ಲ.

ನಮ್ಮ ಮನೆ ಭಾಲ್ಕಿಯಲ್ಲಿ. ನಾನು ಕಲಿಸುವ ಹೈಸ್ಕೂಲು ಔರಾದದಲ್ಲಿ, ನನ್ನ ಗಂಡನ ಕಚೇರಿಯೂ ಅಲ್ಲೇ. ಔರಾದಕ್ಕೆ ರೈಲಿಲ್ಲ, ಬಸ್ಸೇ ಗತಿ. ವರ್ಷಗಟ್ಟಲೆ ಕಂಬಿ ಹಿಡಿದು ನಿಂತು, ತೊಗರಿ ಚೀಲ, ಕೋಳಿ ಬುಟ್ಟಿ, ಅಳುವ ಕೂಸುಗಳ ನಡುವೆ ತೂಗಾಡಿ, ಶಾಲೆ ಮುಟ್ಟುವ ಹೊತ್ತಿಗೆ ಪಾಠ ಮಾಡುವ ಜೀವವೇ ಉಳಿಯುತ್ತಿರಲಿಲ್ಲ. ನಲವತ್ತು ದಾಟಿದ ಮೇಲೆ ಹಟ ಹಿಡಿದು ಡ್ರೈವಿಂಗ್ ಕಲಿತೆ. ನನ್ನ ಸಂಬಳದಲ್ಲಿ ಒಂದು ಹಳೆಯ ಬಿಳಿ ಕಾರು ಕೊಂಡೆ. ನಾನು ನಡೆಸುತ್ತಿದ್ದೆ, ಗಂಡ ಪಕ್ಕದಲ್ಲಿ ಕೂತು ಪೇಪರ್ ಓದುತ್ತಿದ್ದರು. ಅವರಿಗೂ ಗಾಡಿ ಬರುತ್ತದೆ. ಆದರೆ ಬೆಳಗಿನ ಹೊತ್ತು ಪೇಪರ್ ಬಿಡಲಾಗುವುದಿಲ್ಲ.

ಒಂದು ಭಾನುವಾರ ಅಣ್ಣ ತಮ್ಮ ಇಬ್ಬರೂ ಆ ಕಾರು ತೆಗೆದುಕೊಂಡು ಬಗದಲ್‌ಗೆ ಹೋದರು. ಅಲ್ಲಿ ಭಾವನಿಗೆ ಬೇಕಾದವರ ಮನೆಯಲ್ಲಿ ತೊಟ್ಟಿಲ ಕಾರ್ಯಕ್ರಮವಿತ್ತು. ಅಲ್ಲಿಂದ ಭಾವನನ್ನು ಔರಾದದ ಮನೆಗೆ ಬಿಟ್ಟು, ನನ್ನ ಗಂಡ ಸಂಜೆ ಭಾಲ್ಕಿಗೆ ಬಂದರು. ಗಾಡಿ ಹೇಗಿತ್ತು ಎಂದು ಕೇಳಿದೆ. “ಛಲೋ ಓಡ್ತು” ಎಂದು ಕೀಲಿ ಗೂಟಕ್ಕೆ ಹಾಕಿದರು.

ಮರುದಿನ ನನಗೆ ಬೀದರಿನಲ್ಲಿ ತರಬೇತಿ. ಒಬ್ಬಳೇ ಹೊರಟೆ. ಹಲಬರ್ಗಾ ದಾಟುವ ಮೊದಲೇ ಬಿಸಿ ತೋರಿಸುವ ಮುಳ್ಳು ಒಮ್ಮೆಲೇ ಕೆಂಪಿಗೆ ಏರಿತು. ನೋಡಿದ ಕೂಡಲೇ ಬದಿಗೆ ತೆಗೆದುಕೊಂಡೆ. ಗಾಡಿ ನಿಲ್ಲುವ ಮೊದಲೇ ಎಂಜಿನ್ ಒಳಗೆ ಏನೋ ಹಿಡಿದುಕೊಂಡಂತಾಗಿ ತಾನೇ ನಿಂತಿತು. ಬಾನೆಟ್ಟಿನ ಸಂದಿನಿಂದ ಉಗಿ. ರಸ್ತೆ ಬದಿಯ ಹೊಲದವರು ಕೆಲಸ ಬಿಟ್ಟು ಬಂದು ಸುತ್ತ ನಿಂತರು. ಕೊನೆಗೆ ಒಂದು ಟೆಂಪೋಗೆ ಹಗ್ಗ ಕಟ್ಟಿ ಬೀದರಿನ ಗ್ಯಾರೇಜಿಗೆ ಎಳೆಸಿದೆ. ಹಿಂದಿನ ದಿನ ತಾನೇ ಇಬ್ಬರು ಗಂಡಸರು ಓಡಿಸಿದ ಗಾಡಿ ಇದು ಎಂಬುದು ಆಗ ನನ್ನ ತಲೆಗೂ ಹೊಳೆಯಲಿಲ್ಲ.

ಕೆಲವು ದಿನಕ್ಕೆ ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಭಾವನ ಹೊಲದಲ್ಲಿ ಬಂಧು ಬಳಗವೆಲ್ಲ ಸೇರಿತ್ತು. ಭೂತಾಯಿಗೆ ಎಡೆಯ ಚರಗ ಚೆಲ್ಲಿ ಬಂದು, ಜೋಳದ ಬೆಳೆಯ ನಡುವೆ ಚಾಪೆ ಹಾಸಿ, ಸಜ್ಜೆ ರೊಟ್ಟಿ, ಕಾಳು ಸೊಪ್ಪಿನ ಭಜ್ಜಿ, ಅಂಬಲಿ ಬಡಿಸಿಕೊಂಡು ಕೂತಿದ್ದೆವು. ಯಾರೋ ಕಾರಿನ ಸುದ್ದಿ ತೆಗೆದರು. ಭಾವ ಅಂಬಲಿ ಲೋಟ ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ ಶುರು ಮಾಡಿದ.

“ಎಂಜಿನ್ ಸುಟ್ಟು ಬೂದಿ ಮಾಡ್ಯಾಳ ನೋಡ್ರಿ ನಮ್ಮ ಟೀಚರಬಾಯಿ. ಮುಳ್ಳು ಮ್ಯಾಲ ಏರ್ಯಾದ, ಈಕಿ ಕಣ್ಣು ಮುಳ್ಳಿನ ಮ್ಯಾಲಿಲ್ಲ, ರೋಡಿನ ಮ್ಯಾಲಿಲ್ಲ, ಕನ್ನಡಿ ಮ್ಯಾಲ! ಹೆಣ್ಮಕ್ಕಳ ಕೈಯಾಗ ಸ್ಟೇರಿಂಗ್ ಕೊಟ್ರ ಹಿಂಗೇ ಆಗ್ತದ.”

ಹೊಲವೆಲ್ಲ ನಕ್ಕಿತು. ಹೆಂಗಸರೂ ನಕ್ಕರು, ಅದು ಹೆಚ್ಚು ಚುಚ್ಚಿತು. “ಮುಳ್ಳು ನೋಡಿದ ಕೂಡ್ಲೇ ನಿಲ್ಸೇನ್ರಿ ಭಾವಾರ” ಎಂದೆ. “ಹೌದವ್ವಾ, ಸತ್ತ ಮ್ಯಾಲ ಡಾಕ್ಟರಿಗೆ ಫೋನ್ ಮಾಡಿದಂಗ” ಎಂದ. ಮತ್ತೊಮ್ಮೆ ನಗು. ನನ್ನ ಗಂಡನ ಕಡೆ ನೋಡಿದೆ. ಅವರು ತಲೆ ಬಗ್ಗಿಸಿ ರೊಟ್ಟಿ ಮುರಿಯುತ್ತಿದ್ದರು. ಅಣ್ಣನ ಮುಂದೆ ಬಾಯಿ ತೆರೆಯದ ಸ್ವಭಾವ, ಏನು ಮಾಡುವುದು ಎಂದುಕೊಂಡೆ. ಹೊಸದಾಗಿ ಮದುವೆಯಾದ ಭಾವನ ಮಗಳು ತಾನೂ ಡ್ರೈವಿಂಗ್ ಕಲಿಯುತ್ತೇನೆ ಎಂದು ನನ್ನ ಬೆನ್ನು ಹತ್ತಿದ್ದಳು. ಆ ದಿನದಿಂದ ಆ ಮಾತೇ ನಿಂತುಹೋಯಿತು.

ಭಜ್ಜಿಯ ರುಚಿ ನನ್ನ ನಾಲಿಗೆಗೆ ಹತ್ತಲಿಲ್ಲ. ಅಲ್ಲೇ, ಕೈಯಲ್ಲಿ ತುತ್ತು ಹಿಡಿದೇ ನಿಶ್ಚಯಿಸಿದೆ: ಆ ಗಾಡಿಯನ್ನು ಎಬ್ಬಿಸಬೇಕು. ಅದು ಯಾಕೆ ಸತ್ತಿತೆಂದು ಕಂಡುಹಿಡಿಯಬೇಕು. ಮತ್ತು ಇದೇ ಜನರ ಮುಂದೆ, ಇವನ ಬಾಯಿಂದಲೇ, ‘ಕೆಡಿಸಿದ್ದು ಆಕೆಯಲ್ಲ’ ಎನ್ನಿಸಬೇಕು. ಅಲ್ಲಿಯವರೆಗೆ ನನಗೆ ನಿದ್ದೆಯೂ ಬೇಡ, ಹಬ್ಬವೂ ಬೇಡ.

ಗಂಡ ಕೇಳಿದ ಕೂಡಲೇ ಬೇಡವೆಂದರು. “ಅದನ್ನ ಯಾಕ ಬಿಚ್ಚಿಸ್ತಿ? ಹೈದರಾಬಾದಿನಾಗ ಇಡೀ ಎಂಜಿನ್ನೇ ಸಿಗ್ತದ. ಅದನ್ನ ಕೂಡ್ರಿಸಿ ಇದನ್ನ ಗುಜರಿಗೆ ಹಾಕು. ಇಲ್ಲಂದ್ರ ಗಾಡೀನೇ ಮಾರಿಬಿಡು.”

“ಸತ್ತದ್ದು ಯಾಕ ಅಂತ ಗೊತ್ತಾಗೋದು ಬ್ಯಾಡೇನ್ರಿ?”

“ಗೊತ್ತಾಗಿ ಏನು ಮಾಡ್ತಿ? ಆದದ್ದು ಆತು.”

ಗಾಡಿ ನನ್ನದು, ಸಂಬಳ ನನ್ನದು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬೀದರಿನ ಬಸ್ಸು ಹತ್ತಿದೆ.

ಗ್ಯಾರೇಜಿನ ಉಸ್ತಾದ ಮೆಹಂದಿ ಹಚ್ಚಿದ ಗಡ್ಡದವನು, ಭಾರಿ ಜಂಬದವನು. ಅವನ ಅಜ್ಜ ನಿಜಾಮನ ಕಾಲದಲ್ಲಿ ಯಾವುದೋ ದೊಡ್ಡ ಅಧಿಕಾರಿಯ ಮೋಟಾರು ರಿಪೇರಿ ಮಾಡಿದ್ದನಂತೆ. ಅದನ್ನು ಕೇಳದೆ ಅಲ್ಲಿ ಯಾರ ಗಾಡಿಯ ಒಂದು ಬೋಲ್ಟೂ ಸಡಿಲಾಗುವುದಿಲ್ಲ. ನಾನೂ ಕೇಳಿದೆ. ಆಮೇಲೆ ಕಬ್ಬಿಣದ ಮುಕ್ಕಾಲಿಗೆ ಸರಪಳಿ ಹಾಕಿ ಎಂಜಿನ್ ಎತ್ತಿದರು. ಅಷ್ಟು ದಿನ ನನ್ನನ್ನು ಹೊತ್ತು ತಿರುಗಿದ ವಸ್ತು ಎಣ್ಣೆ ತೊಟ್ಟಿಕ್ಕುತ್ತ ಗಾಳಿಯಲ್ಲಿ ತೂಗಾಡಿತು. ಖಾಲಿಯಾದ ಬಾನೆಟ್ಟಿನ ಗುಂಡಿಯೊಳಗೆ ಬಗ್ಗಿ ನೋಡಿದೆ. ಜಿಡ್ಡು, ಧೂಳು, ಯಾವುದೋ ಹಕ್ಕಿಯ ಪುಕ್ಕ.

“ಮೇಡಂ, ಎಂಜಿನ್ ಇಳಿಸೋದೇ ದೊಡ್ಡ ಕೆಲಸ,” ಎಂದ ಉಸ್ತಾದ. “ಇಳಿದ ಮ್ಯಾಲ ಕೈಗೆ ಸಿಕ್ಕಿದ್ದೆಲ್ಲಾ ಬದಲಿ ಮಾಡಿಬಿಡ್ರಿ. ನಾಳಿ ಮತ್ತೊಂದು ಹೋತು ಅಂತ ಬಂದ್ರ ಮತ್ತ ಎಲ್ಲಾ ಬಿಚ್ಚಬೇಕು. ಫಿರ್ ಸೇ ವಹೀಚ್ ರೋನಾ, ಮತ್ತ ಅದೇ ಗೋಳು.”

ಮಾತು ಸರಿ. ಅಟ್ಟದ ಮೇಲಿನ ಪಾತ್ರೆಯೆಲ್ಲ ಕೆಳಗಿಳಿಸಿದ ಮೇಲೆ ಅಟ್ಟ ಒರೆಸದೆ ಯಾರು ಬಿಡುತ್ತಾರೆ? ಆದರೆ ಉಸ್ತಾದನ ‘ಎಲ್ಲಾ’ದಲ್ಲಿ ಬ್ಯಾಟರಿ, ಹೆಡ್‌ಲೈಟು, ಕೊನೆಗೆ ಸೀಟಿನ ಕವರೂ ಸೇರಿತು. “ಸೀಟ್ ಕವರ್ ಹಾಕಾಕ ಎಂಜಿನ್ ಇಳಿಸಬೇಕೇನ್ರಿ ಉಸ್ತಾದ?” ಎಂದೆ. ಗಡ್ಡ ನೀವಿಕೊಂಡು ನಕ್ಕ. ಅಲ್ಲೇ ಒಂದು ಲೆಕ್ಕ ಹಾಕಿಕೊಂಡೆ. ಎಂಜಿನ್ ಇದ್ದಾಗಲೂ ಕೈಗೆ ಸಿಗುವಂಥದ್ದು ಕೆಟ್ಟಾಗ ನೋಡಿಕೊಳ್ಳೋಣ. ಎಂಜಿನ್ ಇಳಿಸದೆ ಮುಟ್ಟಲಾಗದ್ದು ಚೆನ್ನಾಗಿದ್ದರೂ ಈಗಲೇ ಹೊಸದಾಗಬೇಕು. ಈ ಗಾಡಿ ಇನ್ನೊಮ್ಮೆ ರಸ್ತೆಯಲ್ಲಿ ನಿಂತರೆ ಭಾವ ಸಾಯುವವರೆಗೆ ಆಡಿಕೊಳ್ಳುತ್ತಾನೆ. ಅವನು ಸತ್ತ ಮೇಲೂ ಅವನ ಮಕ್ಕಳು ಆಡಿಕೊಳ್ಳುತ್ತಾರೆ.

ಮೊದಲು ಕ್ಲಚ್ಚು. “ಹೆಣ್ಮಕ್ಕಳು ಕ್ಲಚ್ಚಿನ ಮ್ಯಾಲ ಕಾಲಿಟ್ಟೇ ಗಾಡಿ ನಡಸ್ತಾರ” ಎಂಬುದು ಭಾವನ ಇನ್ನೊಂದು ಆಣಿಮುತ್ತು. ಹಳೆಯ ಪ್ಲೇಟು ಹೊರಗೆ ಬಂದಾಗ ಉಸ್ತಾದ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ, “ಇದರಾಗ ಇನ್ನೂ ದಮ್ ಅದ, ಛಲೋ ನಡಸೀರಿ ಮೇಡಂ” ಎಂದ. ಅಷ್ಟು ಹಿಗ್ಗು ನನಗೆ ಬಿ.ಎಡ್. ಪಾಸಾದಾಗಲೂ ಆಗಿರಲಿಲ್ಲ. ಆದರೂ ಬದಲಿಸಿದೆ. ಅದರ ಬಗಲಿನ ಬೇರಿಂಗು ಒಣಗಿ ಕಿರುಗುಡುತ್ತಿತ್ತು, ಅದನ್ನು ಹೊಸದು ಹಾಕಿ ಪ್ಲೇಟು ಹಳೆಯದು ಬಿಡುವುದು ಹೊಸ ಸೀರೆಗೆ ಹರಕು ಲಂಗ ಉಟ್ಟಂತೆ.

ಕ್ಲಚ್ಚಿನ ಹಿಂದೆ, ಎಂಜಿನ್ನಿನ ಬೆನ್ನಿಗೆ, ಬಳೆಯಂಥ ಒಂದು ರಬ್ಬರಿನ ಸೀಲು. ಬೆಲೆ ಏನೂ ಇಲ್ಲ. ಅದು ಸೋರಲು ಶುರುವಾದರೆ ಮಾತ್ರ ಇಡೀ ಎಂಜಿನ್ ಮತ್ತೆ ಇಳಿಯಬೇಕು. ಅದನ್ನು ನನ್ನ ಕಣ್ಣೆದುರೇ ಕೂಡಿಸಲು ಹೇಳಿ, ಸ್ಟೂಲು ಹಾಕಿಕೊಂಡು ಕೂತೆ. ಎಂಜಿನ್ ಕೂರುವ ರಬ್ಬರಿನ ಮೌಂಟಿಂಗುಗಳು ಸೀಳಿದ್ದವು. ಗೇರಿನ ಕೋಲು ನಡುಗುತ್ತಿದ್ದುದು ಅದಕ್ಕೇ. ಪಕ್ಕದಲ್ಲಿ ಕೂತು ಪೇಪರ್ ಓದುವವರು “ನೀ ಗೇರ್ ಸರಿ ಹಾಕಂಗಿಲ್ಲ” ಎನ್ನುತ್ತಿದ್ದರು. ಅದಕ್ಕೂ ಉತ್ತರ ಸಿಕ್ಕಿತೆಂದು ಹಳೆಯ ಮೌಂಟಿಂಗನ್ನು ಚೀಲಕ್ಕೆ ಹಾಕಿಕೊಂಡೆ. ಟೈಮಿಂಗ್ ಬೆಲ್ಟು, ಅದು ತಿರುಗಿಸುವ ವಾಟರ್ ಪಂಪು, ಎರಡೂ ಜೊತೆಗೇ ಹೊಸವಾದವು. ಎಂಜಿನ್ನಿನ ಹಿಂದೆ ಅಡಗಿದ್ದ ನೀರಿನ ಪೈಪು ಮಡಚಿ ನೋಡಿದರೆ ಹಪ್ಪಳದಂತೆ ಮುರಿಯಿತು. ಲೇತಿನವನ ಹತ್ತಿರ ಕಳಿಸಿ ಸಿಲಿಂಡರು ಕೊರೆಸಿ ಬೋರು ಮಾಡಿಸುವ ಕೆಲಸ, ಪಿಸ್ಟನ್ನಿನ ಕೆಲಸ ಹೇಗೂ ಇತ್ತು.

ಬೇರೆಯವರು ಸೇಡಿಗೆ ಕೋರ್ಟು ಕಚೇರಿ ಹತ್ತುತ್ತಾರೆ, ಮಾಟ ಮಾಡಿಸುತ್ತಾರೆ. ನಾನು ಒಂದೊಂದೇ ಸಾಮಾನು ಹೊಸದು ಹಾಕಿಸಿದೆ. ಪ್ರತಿ ಬೋಲ್ಟು ಬಿಗಿಯಾಗುವಾಗಲೂ ಆ ಹೊಲದ ನಗು ನೆನಪಿಸಿಕೊಂಡೆ. ಸುಳ್ಳು ಹೇಳುವುದಿಲ್ಲ, ಆ ಶನಿವಾರಗಳು ನನಗೆ ಬಹಳ ಸುಖ ಕೊಟ್ಟವು.

ಆದರೆ ಸತ್ತದ್ದು ಯಾಕೆ ಎಂಬುದು ಇನ್ನೂ ಗೊತ್ತಿರಲಿಲ್ಲ. ರೇಡಿಯೇಟರಿನವನು ‘ಜಾಮ್ ಆಗ್ಯಾದ’ ಎಂದಷ್ಟೇ ಹೇಳಿ ತೊಳೆದು ಕಳಿಸಿದ್ದ. ಉಸ್ತಾದನೂ ‘ಹಳೇ ಗಾಡಿ, ಹಂಗೇ’ ಎಂದು ಕೈ ತಿರುವುತ್ತಿದ್ದ.

ಎಂಜಿನ್ನಿನ ಬದಿಯಲ್ಲಿ ನಾಣ್ಯದಂಥ ತಗಡಿನ ಬಿಲ್ಲೆಗಳಿರುತ್ತವೆ. ಒಳಗೆ ನೀರು ಹರಿಯುವ ದಾರಿಗೆ ಅವು ಮುಚ್ಚಳ. ಗ್ಯಾರೇಜಿನವರು ಡಮ್ಮಿ ಎನ್ನುತ್ತಾರೆ. ಗಾಡಿಯಲ್ಲಿದ್ದಾಗ ಅವುಗಳ ಹತ್ತಿರ ಕೈ ಹೋಗುವುದಿಲ್ಲ. ಅವನ್ನೂ ಬದಲಿಸಿ ಎಂದೆ.

“ನಕ್ಕೋ ಮೇಡಂ, ಅವು ಛಲೋ ಅವ. ಯಾರೂ ಅವನ್ನ ತೆಗಿಯಂಗಿಲ್ಲ.”

“ಈಗಲ್ಲಂದ್ರ ಯಾವಾಗ ಕೈಗೆ ಸಿಗ್ತಾವ್ರಿ?”

ಗೊಣಗುತ್ತ ಒಂದು ಬಿಲ್ಲೆಯ ಅಂಚಿಗೆ ಉಳಿ ಇಟ್ಟು ಸುತ್ತಿಗೆಯಿಂದ ತಟ್ಟಿದ. ಅದು ಮಗುಚಿಕೊಂಡಿತು. ಇಕ್ಕಳ ಹಾಕಿ ಎಳೆದ. ಹಿಂದಿನಿಂದ ಹಳದಿ ಮಣ್ಣಿನ ಉಂಡೆಯೊಂದು ಜಾರಿ ತಟ್ಟೆಗೆ ಬಿತ್ತು. ಇನ್ನೊಂದು ತೆಗೆದ, ಅಲ್ಲೂ ಅದೇ.

“ಜಂಗು,” ಎಂದ ಉಸ್ತಾದ, ಎಲ್ಲ ಬಲ್ಲವನಂತೆ. “ಖರಾಬ್ ನೀರು ಹಾಕೀರಿ, ಅದಕ್ಕ.”

ಬೆರಳಲ್ಲಿ ತಿಕ್ಕಿ ನೋಡಿದೆ. ತುಕ್ಕು ಇಷ್ಟು ನುಣ್ಣಗಿರುವುದಿಲ್ಲ, ಇಷ್ಟು ಹಳದಿಯೂ ಇರುವುದಿಲ್ಲ. ಬೆರಳಿಗೆ ಹತ್ತಿದ ಬಣ್ಣ ಬಟ್ಟೆಗೆ ಒರೆಸಿದರೂ ಹೋಗಲಿಲ್ಲ. ನಲ್ಲಿಯ ಹತ್ತಿರ ಹೋಗಿ, ಅವರು ಜಿಡ್ಡಿನ ಕೈ ತೊಳೆಯಲು ಇಟ್ಟಿದ್ದ ಸೋಪಿನ ಪುಡಿ ಹಾಕಿ ಉಜ್ಜಿದೆ. ನೊರೆ ಕೆಂಪಾಯಿತು. ಅಂಗೈ ತುಂಬ ಕೆಂಪು.

“ಯಾ ಅಲ್ಲಾ, ಖೂನ್!” ಎಂದು ಉಸ್ತಾದ ಓಡಿ ಬಂದ.

“ಖೂನ್ ಅಲ್ರಿ ಉಸ್ತಾದ,” ಎಂದೆ. “ಅರಿಶಿಣ.”

ಅರಿಶಿಣಕ್ಕೆ ಸುಣ್ಣ ತಾಗಿದರೆ, ಸೋಪು ತಾಗಿದರೆ ಕೆಂಪಾಗುತ್ತದೆ ಎಂದು ನಾನು ಪ್ರತಿ ವರ್ಷ ಮಕ್ಕಳಿಗೆ ಕಲಿಸುತ್ತೇನೆ. ಕಲಿಸದಿದ್ದರೂ ಗೊತ್ತು, ಆರತಿ ನೀರು ಕಲಸಿದ ಯಾವ ಹೆಂಗಸಿಗೆ ಗೊತ್ತಿಲ್ಲ? ಉಸ್ತಾದ ತಲೆ ಮೇಲೆ ಕೈಯಿಟ್ಟುಕೊಂಡ. ರೇಡಿಯೇಟರು ಸೋರಿದರೆ ಲಾರಿಯವರು ದಾರಿಯಲ್ಲಿ ಚಿಟಿಕೆ ಅರಿಶಿಣ ಹಾಕುತ್ತಾರಂತೆ. ಅದು ಹೋಗಿ ತೂತಿಗೆ ಕೂತು ಸೋರುವುದು ನಿಲ್ಲುತ್ತದೆ, ಗ್ಯಾರೇಜು ಮುಟ್ಟುವವರೆಗೆ ಸಾಕು. “ಚಿಟಿಕಿ ಮೇಡಂ, ಚಿಟಿಕಿ! ಇವ್ರು ಮದವಿ ಮನಿ ಅಡಗಿಗೆ ಸುರಿದಂಗ ಸುರಿದಾರ. ನೀರು ತಿರುಗಾಕ ದಾರೀನೇ ಉಳಿದಿಲ್ಲ. ನೀವಲ್ಲ, ಖುದಾ ನಡಸಿದ್ರೂ ಈ ಎಂಜಿನ್ ಸಾಯ್ತಿತ್ತು.”

ನನಗೆ ಅಲ್ಲೇ ಕುಣಿಯಬೇಕೆನಿಸಿತು. ಎಲ್ಲವೂ ಒಮ್ಮೆಗೇ ಕಂಡಿತು. ಬಗದಲ್‌ನಿಂದ ಬರುವಾಗ ರೇಡಿಯೇಟರು ಸೋರಿದೆ. ಔರಾದದ ಮನೆಯಲ್ಲಿ ಭಾವ, ನೂರು ಗಾಡಿ ಕಂಡವನಂತೆ ಆಡುವ ಆ ಮನುಷ್ಯ, ಡಬ್ಬಿಗಟ್ಟಲೆ ಅರಿಶಿಣ ಸುರಿದಿದ್ದಾನೆ. ಏನೂ ಆಗದವನಂತೆ ಕಳಿಸಿದ್ದಾನೆ. ಮರುದಿನ ಗಾಡಿ ನನ್ನ ಕೈಯಲ್ಲಿ ಸತ್ತಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದಾನೆ, ಅದೂ ಇಡೀ ಬಳಗದ ಮುಂದೆ. ಆ ಹಳದಿ ಉಂಡೆಗಳನ್ನು ಉಪ್ಪಿನಕಾಯಿಯ ಖಾಲಿ ಬಾಟಲಿಗೆ ಹಾಕಿಕೊಂಡೆ. ಗಂಡನಿಗೆ ಹೇಳಲಿಲ್ಲ. ಹೇಳಿದರೆ ಅಣ್ಣನ ಕಿವಿಗೆ ಮುಟ್ಟುತ್ತದೆ, ಅವನು ಒಂದು ಕಥೆ ಕಟ್ಟಿಕೊಂಡು ಕೂರುತ್ತಾನೆ. ಸೇಡು ಬಿಸಿಯಾಗಿಯೇ ಬಡಿಸಬೇಕು.

ಬೇಸಿಗೆ ಶುರುವಾದಾಗ ಭಾವನ ಮಗಳ ಕುಬಸ ಬಂತು. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ನಕ್ಕವರೆಲ್ಲ ಬರುವವರಿದ್ದರು. ನಾನು ಗಾಡಿ ತೊಳೆಸಿದೆ. ಗಂಡನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಭಾಲ್ಕಿಯಿಂದ ಔರಾದಕ್ಕೆ ನಾನೇ ನಡೆಸಿಕೊಂಡು ಹೋದೆ. ಎಂಜಿನ್ನಿನ ಸದ್ದು ಕೇಳಿಸದಷ್ಟು ನುಣುಪು. ಬಾಟಲಿ ನನ್ನ ಸೀಟಿನ ಕೆಳಗಿತ್ತು.

ಹುಡುಗಿಯ ಕಾರ್ಯ ಕೆಡಿಸುವಷ್ಟು ಕೆಟ್ಟವಳಲ್ಲ ನಾನು. ಆರತಿ ಮುಗಿಯಲಿ ಎಂದು ಕಾದೆ. ಉಡಿ ತುಂಬಿ, ಹಾಡು ಹೇಳಿ, ಆಕೆಯ ಗಲ್ಲ ಸವರಿ ದೃಷ್ಟಿ ತೆಗೆದೆ. ಅಂಗಳದಲ್ಲಿ ಗಂಡಸರು ಊಟಕ್ಕೆ ಕೂತರು, ಹೆಂಗಸರು ಬಡಿಸಲು ನಿಂತರು. ಭಾವ ನನ್ನನ್ನು ನೋಡಿ ಸುಮ್ಮನಿರಬಹುದಿತ್ತು. ಇರಲಿಲ್ಲ.

“ಏನ್ ಟೀಚರಬಾಯಿ, ಗಾಡಿ ತಂದೀಯಂತ. ಮುಳ್ಳು ನೋಡ್ಕೋತ ಬಂದ್ಯೋ, ಕನ್ನಡಿ ನೋಡ್ಕೋತ ಬಂದ್ಯೋ?”

ನಗು ಎದ್ದಿತು. ನಾನು ಬಾಟಲಿ ತಂದೆ. ಒಂದು ಸ್ಟೀಲ್ ತಟ್ಟೆಗೆ ಹಳದಿ ಉಂಡೆ ಹಾಕಿ ನೀರು ಸುರಿದೆ. ಎಲೆ ಅಡಿಕೆಯ ತಬಕಿನಿಂದ ಸುಣ್ಣ ತೆಗೆದು ಕದಡಿದೆ. ನೀರು ಕೆಂಪಾಯಿತು. ಆ ತಟ್ಟೆಯನ್ನು ಭಾವನ ಎಲೆಯ ಮುಂದೆ ಇಟ್ಟೆ.

“ಭಾವಾರ, ಇದು ನಮ್ಮ ಎಂಜಿನ್ ಒಳಗ ಸಿಕ್ಕದ್ರಿ. ಅರಿಶಿಣ. ರೇಡಿಯೇಟರ್ ಸೋರ್ತದಂತ ಡಬ್ಬಿಗಟ್ಲೆ ಸುರಿದಾರ. ಗಾಡಿ ಸತ್ತದ್ದು ಅದಕ್ಕ, ನನ್ನ ಕಣ್ಣು ಕನ್ನಡಿ ಮ್ಯಾಲಿತ್ತು ಅಂತಲ್ಲ. ಹಾಕಿದ ಕೈ ಯಾವುದು ಅಂತ ಎಲ್ಲಾರ ಮುಂದ ಹೇಳಿಬಿಡ್ರಿ.”

ಭಾವನ ಮುಖ ನೋಡಲು ನಾನು ಎಷ್ಟು ತಿಂಗಳು ಕಾದಿದ್ದೆ! ಆದರೆ ಆ ಮುಖದಲ್ಲಿ ನಾನು ಬಯಸಿದ್ದು ಕಾಣಲಿಲ್ಲ. ಅವನು ಹೆದರಲಿಲ್ಲ, ಸಿಟ್ಟೂ ಮಾಡಲಿಲ್ಲ. ಮುಜುಗರಪಟ್ಟವನಂತೆ ಹೆಗಲ ಮೇಲಿನ ಟವೆಲ್ ತೆಗೆದು ಬಾಯಿ ಒರೆಸಿಕೊಂಡ.

ಸಾರಿನ ಪಾತ್ರೆ ಹಿಡಿದು ನಿಂತಿದ್ದ ಅವನ ಹೆಂಡತಿ, ನನ್ನ ನೆಗೆಣ್ಣಿ, ಮಾತಾಡಿದಳು. ಆಕೆ ಅಂಥ ಮಾತಿನವಳಲ್ಲ. “ತಂಗಿ, ನಮ್ಮನಿಯವರಿಗೆ ಅರಿಶಿಣದ ಡಬ್ಬಿ ಎಲ್ಲಿರ್ತದ ಅಂತ ಇವತ್ತಿಗೂ ಗೊತ್ತಿಲ್ಲ. ಅವತ್ತು ಅಡಗಿ ಮನಿಗೆ ಬಂದು ‘ವೈನಿ, ಅರಿಶಿಣ ಕೊಡ್ರಿ’ ಅಂತ ಡಬ್ಬಿ ಇಸ್ಕೊಂಡು ಹೋಗಿದ್ದು ನಿನ್ನ ಗಂಡ. ಖಾಲಿ ಡಬ್ಬಿ ತಂದು ಕೊಟ್ಟಾಗ ನಾನೇ ನಕ್ಕಿದ್ದೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನನ್ನ ಗಂಡ ಹೆಗಲು ಮುಟ್ಟಿಕೊಳ್ಳಲಿಲ್ಲ. ಕಲಸಿದ ಅನ್ನದ ಮೇಲೆ ಕೈ ಹಾಗೆಯೇ ಇಟ್ಟುಕೊಂಡು ಕೂತಿದ್ದರು.

“ಅವನೇ ಹೇಳಿದ್ದವ್ವಾ,” ಎಂದ ಭಾವ, ದನಿ ಇಳಿಸಿ. “‘ಅಣ್ಣಾ, ಆಕಿಗೆ ಗೊತ್ತಾದ್ರ ಜೀವ ತಿಂತಾಳ. ಆಕಿ ಮ್ಯಾಲೇ ಒಂದು ಮಾತು ಹಾಕಿಬಿಡು, ಆಮ್ಯಾಲ ಎಲ್ಲಾ ಮರೀತಾರ’ ಅಂದ. ತಮ್ಮಂದು ಅಂತ ನಾನೂ ಅಂದೆ.”

ಇಲ್ಲಿ ಯಾರಾದರೂ ಒಬ್ಬರು ‘ಛೀ’ ಎನ್ನುತ್ತಾರೆ ಎಂದುಕೊಂಡೆ. ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. “ಅರಿಶಿಣಾ ಹಾಕಿ ಗಾಡಿಗೇ ಮದವಿ ಮಾಡ್ಯಾನಲ್ಲೋ!” ಎಂದು ಒಬ್ಬರು. “ಪಾಪ, ಛಲೋ ಆಗ್ಲಿ ಅಂತೇ ಹಾಕ್ಯಾನ” ಎಂದು ಮತ್ತೊಬ್ಬರು. ಒಂದು ಗಳಿಗೆಯಲ್ಲಿ ಅದೊಂದು ತಮಾಷೆಯಾಯಿತು, ನನ್ನ ಗಂಡ ಪಾಪದವರಾದರು. ನನ್ನ ತಪ್ಪು ಎಂದಾಗ ಅದು ಲೋಕದ ಹೆಂಗಸರೆಲ್ಲರ ತಪ್ಪಾಗಿತ್ತು. ಅವರ ತಪ್ಪು ಎಂದಾಗ ಗಂಡಸರ ಕೈಯಿಂದ ಸ್ಟೇರಿಂಗ್ ಕಸಿಯಬೇಕೆಂದು ಒಬ್ಬರೂ ಹೇಳಲಿಲ್ಲ. ನಾನು ಕೆಂಪು ನೀರಿನ ತಟ್ಟೆ ಎತ್ತಿಕೊಂಡು ಹೋಗಿ ಬೀದಿಗೆ ಚೆಲ್ಲಿದೆ. ಭಾವನ ಮೇಲೆ ಕೂಡಿಟ್ಟಿದ್ದ ಸಿಟ್ಟು ಒಂದು ಹನಿಯೂ ಕಡಿಮೆಯಾಗಲಿಲ್ಲ, ಅದಕ್ಕೆ ಇನ್ನೊಂದು ಮನೆ ಸಿಕ್ಕಿತು. ಅದು ನನ್ನದೇ ಮನೆಯಾಗಿತ್ತು.

ವಾಪಸ್ ಬರುವಾಗ ಅವರು ಕಿಟಕಿಯಾಚೆ ನೋಡುತ್ತ, “ಎಲ್ಲಾರಿಗೂ ಗೊತ್ತಾತಲ್ಲ, ಇನ್ನ ಬಿಟ್ಟುಬಿಡು” ಎಂದರು.

“ಅಕ್ಕ ಹೇಳಿದ್ರು. ಭಾವ ಹೇಳಿದ್ರು. ನಿಮ್ಮ ಬಾಯಿಂದ ಬಂದಿಲ್ಲ,” ಎಂದೆ. “ನಾಲ್ಕು ಜನರ ಮುಂದ ನಿಮ್ಮ ಬಾಯಿಂದ ಬರೋತನಕ ಈ ಗಾಡ್ಯಾಗ ನೀವು ಕೂಡಂಗಿಲ್ಲ.”

ಬಾಯಿಮಾತಿಗೆ ಅಂದೆ ಎಂದುಕೊಂಡಿರಬೇಕು. ಮರುದಿನ ಪೇಪರ್ ಮಡಚಿಕೊಂಡು ಗಾಡಿಯ ಹತ್ತಿರ ಬಂದರು. ನಾನು ಬಾಗಿಲಿನ ಲಾಕ್ ತೆಗೆಯಲಿಲ್ಲ. ಅವತ್ತಿನಿಂದ ಅವರು ಬಸ್ಸಿಗೆ ಹೋದರು. ಒಂದೇ ಮನೆಯಿಂದ ಒಂದೇ ಊರಿಗೆ, ಒಬ್ಬರು ಬಸ್ಸಿನಲ್ಲಿ, ಒಬ್ಬರು ಕಾರಿನಲ್ಲಿ. ಓಣಿಯವರು ಕೇಳಿದರೆ ‘ಆಫೀಸಿನ ಟೈಮ್ ಬ್ಯಾರೆ’ ಎನ್ನುತ್ತಿದ್ದರು. ಸುಳ್ಳು ಅವರಿಗೆ ಎಷ್ಟು ಸಲೀಸು ಎಂದು ಆಗ ಗಮನಿಸತೊಡಗಿದೆ. ಅನ್ನ ಹಾಕುತ್ತಿದ್ದೆ, ಅಂಗಿ ಇಸ್ತ್ರಿ ಮಾಡುತ್ತಿದ್ದೆ, ಮಾತು ಬೇಕಾದಷ್ಟೇ ಆಡುತ್ತಿದ್ದೆ. ಕಂಬಿ ಹಿಡಿದು ನಿಂತು ತೂಗಾಡುವ ಅವರನ್ನು ನೆನೆದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಇದನ್ನು ಮುಚ್ಚಿಡುವುದಿಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ಬೆಳಿಗ್ಗೆ ಧೋ ಎಂದು ಸುರಿಯುತ್ತಿತ್ತು. ಭಾಲ್ಕಿಯ ಬಸ್ ನಿಲ್ದಾಣದ ಆಚೆ, ಔರಾದದ ಬಸ್ಸಿಗೆ ಕೈ ಮಾಡುವ ಜಾಗದಲ್ಲಿ, ಚಹಾ ಅಂಗಡಿಯ ತಗಡಿನ ಕೆಳಗೆ ಜನ ಒತ್ತಿಕೊಂಡು ನಿಂತಿದ್ದರು. ಅಂಚಿನಲ್ಲಿ ನಮ್ಮವರು, ಒಂದು ಭುಜ ಪೂರ್ತಿ ತೊಯ್ದಿತ್ತು. ಆ ಭುಜ ನೋಡಿ ನನ್ನ ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಕಿಟಕಿ ಇಳಿಸಿದೆ.

ಹತ್ತಿರ ಬಂದು ಬಾಗಿಲಿನ ಹಿಡಿಕೆಗೆ ಕೈ ಹಾಕಿದರು. ಲಾಕ್ ತೆಗೆಯದೆ, “ಮೊದಲ ಹೇಳ್ರಿ” ಎಂದೆ.

“ಏನು?”

“ನಿಮಗ ಗೊತ್ತದ.”

ಹಿಂದಕ್ಕೆ ತಿರುಗಿ ನೋಡಿದರು. ತಗಡಿನ ಕೆಳಗಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು, ಹೆಚ್ಚಿನವರು ಅವರಿಗೆ ದಿನಾ ಬಸ್ಸಿನಲ್ಲಿ ಸಿಗುವವರು. ಮಳೆ ಅವರ ಮುಖದ ಮೇಲೆ ಹರಿಯುತ್ತಿತ್ತು. ಹೇಳಿದರೆ ಸಾಕು, ಎಲ್ಲ ಮರೆತುಬಿಡುತ್ತೇನೆ ಎಂದು ಮನಸ್ಸಿನಲ್ಲೇ ಹರಕೆ ಹೊತ್ತೆ. ಅವರು ಗಂಟಲು ಸರಿಮಾಡಿಕೊಂಡರು.

“ಈಕಿ ಗಾಡಿ ಕೆಟ್ಟಿತ್ತಲ್ಲ, ಅದನ್ನ ಕೆಡಿಸಿದಾಂವ ನಾನು. ಈಕಿ ಅಲ್ಲ.”

ಗಟ್ಟಿಯಾಗಿಯೇ ಹೇಳಿದರು. ಮಳೆಯ ಸದ್ದಿನಲ್ಲೂ ಎಲ್ಲರಿಗೂ ಕೇಳಿತು. ನಾನು ಲಾಕ್ ತೆಗೆದೆ. ಕಣ್ಣು ತುಂಬಿ ಬಂತು. ಅವರು ಒಳಗೆ ಬಂದು ಕೂತರು, ಬಾಗಿಲು ಇನ್ನೂ ಹಾಕಿರಲಿಲ್ಲ.

ಅಷ್ಟರಲ್ಲಿ ಚಹಾ ಕುಡಿಯುತ್ತಿದ್ದ ಹಿರಿಯರೊಬ್ಬರು ಪಕ್ಕದವನಿಗೆ ಹೇಳಿದ್ದು ನಮ್ಮಿಬ್ಬರಿಗೂ ಕೇಳಿಸಿತು. “ನೋಡು, ಗಂಡ ಅಂದ್ರ ಹಿಂಗಿರಬೇಕು. ಹೆಂಡತಿ ಮಾಡಿದ್ದನ್ನೂ ತನ್ನ ಮೈಮ್ಯಾಲ ಹಾಕ್ಕೋತಾನ. ದೇವರಂಥ ಮನಷ್ಯಾ.”

“ಹೌದ್ರಿ,” ಎಂದ ಪಕ್ಕದವನು.

ನಾನು ಕಾದೆ. ‘ಇಲ್ರಿ, ಖರೇನ ನಾನೇ’ ಎಂದು ಒಂದು ಮಾತು. ಬಾಗಿಲು ತೆರೆದೇ ಇತ್ತು, ಆ ಹಿರಿಯರು ಕೈಯಳತೆಯಲ್ಲೇ ಇದ್ದರು. ನನ್ನ ಗಂಡ ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಒರೆಸಿದ ಮುಖದಲ್ಲಿ ಒಂದು ಸಣ್ಣ ನಗು ಇತ್ತು. ಹಿರಿಯರ ಕಡೆ ತಿರುಗಿ, ಇರಲಿ ಬಿಡ್ರಿ ಎಂಬಂತೆ ವಿನಯವಾಗಿ ಕೈ ಎತ್ತಿದರು.

“ಇಳೀರಿ,” ಎಂದೆ.